ಗಿಸಾಲ್ಲೊ ಗುಡಿಯ ಕಾಣಿಕೆಗಳು

ಆಭರಣವೆಂಬ ಶಬ್ದವು ಹೊರುವುದು, ಧರಿಸುವುದು, ಪೋಷಿಸುವುದು ಎಂಬ ಅರ್ಥಗಳುಳ್ಳ ‘ಭೃ’ ಧಾತುವಿನಿಂದ ಹುಟ್ಟಿದುದು. ಭಾರವೆಂಬ ಶಬ್ದವೂ ಅದೇ ಧಾತುವಿನದು. ಮೈಮೇಲೆ ಹೊತ್ತ ವಸ್ತುವು ಒಮ್ಮೆ ಭೂಷಣವಾಗುವುದೂ ಇನ್ನೊಮ್ಮೆ ಹೊರೆಯಾಗುವುದೂ ಲೋಕಾನುಭವಕ್ಕೆ ಬಂದ ವಿಷಯವೇ ಆಗಿದೆ. ಒಡವೆಯನ್ನು ಕೊಡುವ ಸಂದರ್ಭಗಳೂ ಹಲವು. ಗೆದ್ದವನಿಗೆ ಬಹುಮಾನವೆಂದು ಸಭೆಯಲ್ಲಿ ಕೊಡುವುದು ಒಂದು. ಪ್ರಾಣವುಳಿದುದಕ್ಕಾಗಿ ದೇವರಿಗೆ ಹರಕೆಯೆಂದು ಒಪ್ಪಿಸುವುದು ಇನ್ನೊಂದು. ಯಾರ ಕಣ್ಣಿಗೂ ಬೀಳದಂತೆ ಮತ್ತೊಬ್ಬನಿಗೆ ಕೊಟ್ಟು ಸುಮ್ಮನಾಗುವುದು ಮೂರನೆಯದು. ಈ ಮೂರು ಬಗೆಯ ಕೊಡುಗೆಗಳೂ ಒಂದೇ ಚರಿತ್ರೆಯಲ್ಲಿ ಹೆಣೆದುಕೊಂಡು ಬಂದಿರುವ ನಿದರ್ಶನವೊಂದು ಯೂರೋಪು ಖಂಡದ ಬೈಸಿಕಲ್ ಪಂದ್ಯಗಳ ವೃತ್ತಾಂತದಲ್ಲಿ ದೊರೆಯುವುದು. ಬೈಸಿಕಲ್ಲೆಂದರೆ ನಮ್ಮ ಕಡೆಯಲ್ಲಿ ಶಾಲೆಗೋ ಕಚೇರಿಗೋ ಸಂತೆಗೋ ಹೋಗಿಬರುವ ಸಾಧನ. ಅದನ್ನು ತುಳಿಯುವುದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು, ಪರ್ವತಗಳನ್ನು ಹತ್ತಿಳಿದು, ಕೆಲವರು ಕೀರ್ತಿಯನ್ನೂ ಕೆಲವರು ಮರಣವನ್ನೂ ಪಡೆದ ಸಂಗತಿಯು ವಾಚಕರಲ್ಲಿ ಅನೇಕರಿಗೆ ಹೊಸದಾಗಿರಬಹುದು.

ಇಟಲಿ ದೇಶದ ಉತ್ತರಭಾಗದಲ್ಲಿ ಆಲ್ಪ್ಸ್ ಪರ್ವತಗಳ ಅಡಿಗೆ ಕೋಮೊ ಎಂಬ ದೊಡ್ಡ ಸರೋವರವಿದೆ. ಅದು ದಕ್ಷಿಣಕ್ಕೆ ಬರುತ್ತ ಎರಡು ಕವಲಾಗಿ ಒಡೆಯುವ ಸ್ಥಳದಲ್ಲಿ ಬೆಲ್ಲಾಜಿಯೊ ಎಂಬ ಊರು ನೀರಂಚಿನಲ್ಲಿಯೇ ನಿಂತಿರುವುದು. ಅಲ್ಲಿಂದ ಬೆಟ್ಟದ ಮೇಲಕ್ಕೆ ಬಳಸಿ ಬಳಸಿ ಏರುವ ಸುಮಾರು 10 ಕಿಲೋಮೀಟರಿನ ದಾರಿಯೊಂದುಂಟು. ದಾರಿಯು ನೆತ್ತಿಯನ್ನು ಮುಟ್ಟುವ ಸ್ಥಳದಲ್ಲಿ, ಸಮುದ್ರಮಟ್ಟದಿಂದ 754 ಮೀಟರು ಎತ್ತರದಲ್ಲಿ, ಮಗ್ರೆಲ್ಯೊ ಎಂಬ ಹಳ್ಳಿಯ ಎಲ್ಲೆಯೊಳಗೆ ಒಂದು ಚಿಕ್ಕ ಗುಡಿ ಕಾಣುವುದು. ಅದು ಏಸುಕ್ರಿಸ್ತನ ತಾಯಿಯಾದ ಮೇರಿಯ ಗುಡಿ. ಗಿಸಾಲ್ಲೊ ಎಂಬ ಶ್ರೀಮಂತನೊಬ್ಬನು ಪೂರ್ವಕಾಲದಲ್ಲಿ ಈ ಬೆಟ್ಟವನ್ನು ದಾಟುತ್ತಿದ್ದಾಗ ಕಳ್ಳರು ಮೇಲೆ ಬೀಳಲು, ದಾರಿಯ ಬದಿಯಲ್ಲಿದ್ದ ಮಾತೆಯ ಚಿತ್ರದ ಮುಂದೆ ಓಡಿಹೋಗಿ ಮೊರೆಯಿಟ್ಟು ಬದುಕಿಕೊಂಡನೆಂಬುದು ಸ್ಥಳಪುರಾಣ. ಅವನ ಹೆಸರಿನಿಂದಲೇ ಆಕೆಗೆ ಗಿಸಾಲ್ಲೊ ಮಾತೆಯೆಂಬ ಹೆಸರಾಯಿತು. ಈಗಿರುವ ಕಟ್ಟಡವು 1623ರದು. ಅಂದಿನಿಂದ ಬಹುಕಾಲದವರೆಗೆ ಆಕೆಯು ದಾರಿಗರ ರಕ್ಷಕಳೆಂದು ಸುತ್ತಣ ಹಳ್ಳಿಗಳಲ್ಲಿ ಮಾತ್ರ ಪ್ರಸಿದ್ಧಳಾಗಿದ್ದಳು.

ಈ ಗುಡಿಯ ಒಳಹೊಕ್ಕವನಿಗೆ ಮೊದಲು ಆಶ್ಚರ್ಯವೇ ಆಗುವುದು. ಗೋಡೆಗಳ ಮೇಲೆ ಎತ್ತರದಲ್ಲಿ ಬೈಸಿಕಲ್ಲುಗಳು ಸಾಲಾಗಿ ತೂಗಿರುವುವು. ಅವುಗಳ ನಡುವೆ ಹಳದಿಯ, ಗುಲಾಬಿಯ ಬಣ್ಣದ, ಪಂಚವರ್ಣದ ಪಟ್ಟೆಗಳುಳ್ಳ ಅಂಗಿಗಳು. ಮತ್ತೊಂದು ಕಡೆಯಲ್ಲಿ ತೀರಿಕೊಂಡ ಸವಾರರ ಭಾವಚಿತ್ರಗಳು. ನಮ್ಮ ದೇವಸ್ಥಾನಗಳಲ್ಲಿ ಕಣ್ಣುಬೇನೆ ವಾಸಿಯಾದವರು ಬೆಳ್ಳಿಯ ಕಣ್ಣನ್ನು ಹುಂಡಿಗೆ ಹಾಕುವಂತೆಯೇ, ಇಟಲಿಯ ಭಕ್ತರು ಬೆಳ್ಳಿಯ ಹೃದಯಗಳನ್ನೂ ಚಿತ್ರಫಲಕಗಳನ್ನೂ ಹರಕೆಯಾಗಿ ಒಪ್ಪಿಸುವ ಸಂಪ್ರದಾಯ ಹಳೆಯದು. ಬೈಸಿಕಲ್ ಸವಾರನು ತಾನು ತುಳಿದ ವಾಹನವನ್ನೇ ತಂದೊಪ್ಪಿಸಿದನು, ಇಷ್ಟೇ ವ್ಯತ್ಯಾಸ. ಆದರೆ ವಾಹನವನ್ನು ದೇವರಿಗೊಪ್ಪಿಸುವಂತಹ ಅಪಾಯವೂ ಋಣವೂ ಈ ವೃತ್ತಿಯಲ್ಲಿ ಏನಿದ್ದಿತೆಂಬುದನ್ನು ಅರಿಯಬೇಕಾದರೆ ಅದರ ಮೂಲಕ್ಕೆ ಹೋಗಬೇಕು.

ದೇಶವನ್ನೇ ಸುತ್ತುವ ಪಂದ್ಯಗಳು ಹುಟ್ಟಿದುದು ವೃತ್ತಪತ್ರಿಕೆಗಳ ವ್ಯಾಪಾರದಿಂದ. ಫ್ರಾನ್ಸಿನಲ್ಲಿ ‘ಲೋಟೊ’ ಎಂಬ ಪತ್ರಿಕೆಯ ಸಂಪಾದಕನಾದ ಆನ್ರಿ ದೆಗ್ರಾಂಜನು ತನ್ನ ಪತ್ರಿಕೆಯ ಮಾರಾಟವನ್ನು ಹೆಚ್ಚಿಸುವುದಕ್ಕಾಗಿ 1903ರಲ್ಲಿ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯವನ್ನು ಏರ್ಪಡಿಸಿದನು. ಒಟ್ಟು 2428 ಕಿಲೋಮೀಟರು, ಆರು ಮಜಲುಗಳು. ಹೊರಟವರು 60 ಜನ, ಮುಗಿಸಿದವರು 21 ಜನ. ಗೆದ್ದವನು ಮೋರಿಸ್ ಗಾರ್‍ಯಾಂ. ಇಟಲಿಯ ಆವೋಸ್ತಾ ಕಣಿವೆಯಲ್ಲಿ ಹುಟ್ಟಿ, ಚಿಕ್ಕವನಾಗಿದ್ದಾಗ ಮನೆಗಳ ಹೊಗೆಗೂಡುಗಳನ್ನು ಗುಡಿಸಿ ಬದುಕಿದವನು. ಇದನ್ನು ನೋಡಿ ಇಟಲಿಯ ‘ಗಜೆತ್ತಾ ದೆಲ್ಲೊ ಸ್ಪೋರ್ತ್’ ಪತ್ರಿಕೆಯವರು 1909ರಲ್ಲಿ ತಮ್ಮ ದೇಶದಲ್ಲಿಯೂ ‘ಜೀರೊ’ ಎಂಬ ಪ್ರದಕ್ಷಿಣೆಯನ್ನು ಪ್ರಾರಂಭಿಸಿದರು. ಹೊರಟವರು 127, ಮುಗಿಸಿದವರು 49. ಅಲ್ಲಿ ಗೆದ್ದ ಲುಯಿಜಿ ಗನ್ನಾ ಎಂಬವನು ಗಾರೆಕೆಲಸದವನು. ಮುಂದೆ ಪ್ರಸಿದ್ಧನಾದ ಫೌಸ್ತೊ ಕೊಪ್ಪಿಯು ಕಸಾಯಿ ಅಂಗಡಿಯ ಹುಡುಗ. ವಿದ್ಯೆಯಿಲ್ಲದ, ಹೊಲವಿಲ್ಲದ, ಆದರೆ ಕಾಲಿನಲ್ಲಿ ಕಸುವುಳ್ಳ ಬಡವರಿಗೆ ಈ ಪಂದ್ಯಗಳು ಅನ್ನದ ದಾರಿಯಾದುವು. ಪ್ರೇಕ್ಷಕರಿಗೆ ಅದು ವಿನೋದ; ಸವಾರರಿಗೆ ಕೂಲಿ.

ಗೆದ್ದವನ ಭೂಷಣವಾದ ಅಂಗಿಯೂ ವ್ಯಾಪಾರದಿಂದಲೇ ಬಂದಿತು. ‘ಲೋಟೊ’ ಪತ್ರಿಕೆಯು ಹಳದಿಯ ಕಾಗದದ ಮೇಲೆ ಅಚ್ಚಾಗುತ್ತಿದ್ದಿತು. ಅದೇ ಬಣ್ಣದ ಅಂಗಿಯನ್ನು, ಎಲ್ಲರಿಗಿಂತ ಕಡಮೆ ಕಾಲದಲ್ಲಿ ದಾರಿಯನ್ನು ಸವೆಸಿ ಮುಂದಿರುವವನಿಗೆ ತೊಡಿಸುವ ಪದ್ಧತಿಯು 1919ರ ಜುಲೈಯಲ್ಲಿ ಗ್ರೆನೋಬಲ್ ನಗರದಲ್ಲಿ ಪ್ರಾರಂಭವಾಯಿತು. ಮೊದಲು ತೊಟ್ಟವನು ಯೂಜೆನ್ ಕ್ರಿಸ್ತಾಫ್. ಇಟಲಿಯ ಪತ್ರಿಕೆಯ ಕಾಗದವು ಗುಲಾಬಿಯ ಬಣ್ಣದ್ದು. ಆದುದರಿಂದ 1931ರಲ್ಲಿ ಅಲ್ಲಿ ಗುಲಾಬಿಯ ಅಂಗಿ ಬಂದಿತು. ಅದನ್ನು ಮೊದಲು ಧರಿಸಿದವನು ಲೆಯಾರ್ಕೊ ಗ್ವೆರ್ರಾ. ಕಾಲಕ್ರಮದಲ್ಲಿ ಇತರ ಬಹುಮಾನದ ಒಡವೆಗಳೂ ಸೇರಿದುವು. ಪ್ಯಾರಿಸ್ ಕಡೆಯಿಂದ ರೂಬೇ ಪಟ್ಟಣದವರೆಗೆ ನಡೆಯುವ ಪಂದ್ಯದಲ್ಲಿ ಸವಾರರ ಎಲುಬನ್ನೇ ನಡುಗಿಸುವ ಹಳೆಯ ಹಾಸುಗಲ್ಲಿನ ರಸ್ತೆಗಳಿರುವುವು. 1977ರಿಂದ ಈಚೆಗೆ ಗೆದ್ದವನಿಗೆ ಅಂತಹ ಹಾಸುಗಲ್ಲೊಂದನ್ನೇ ಪೀಠದ ಮೇಲೆ ಕೂಡಿಸಿ ಕೊಡುವರು. ಯಾವ ಕಲ್ಲು ನೋಯಿಸಿತೋ ಅದೇ ಕಲ್ಲು ಮನೆಯ ಅಲಂಕಾರವಾಗುವುದು ವಿಚಿತ್ರವಾದರೂ ಅರ್ಥವತ್ತಾಗಿದೆ. ಇಟಲಿಯ ಪ್ರದಕ್ಷಿಣೆಯನ್ನು ಗೆದ್ದವನಿಗೆ 1999ರಿಂದ ಕೊಡುತ್ತಿರುವ ಒಡವೆಯು ಮೇಲಕ್ಕೆ ಸುತ್ತಿಕೊಂಡೇರುವ ಚಿನ್ನದ ಬಣ್ಣದ ಸುರುಳಿ. ‘ಕೊನೆಯಿಲ್ಲದುದು’ ಎಂದು ಅದರ ಹೆಸರು. ಹಿಂದೆ ಗೆದ್ದವರೆಲ್ಲರ ಹೆಸರುಗಳನ್ನೂ ಅದರ ಮೇಲೆ ಕೆತ್ತಿರುವರು.

ಆದರೆ ಅಂಗಿಯನ್ನು ಮೊದಲು ತೊಟ್ಟ ಕ್ರಿಸ್ತಾಫನ ಕಥೆಯನ್ನು ಕೇಳಿದರೆ ಈ ಭೂಷಣಗಳ ಬೆಲೆ ಎಷ್ಟೆಂಬುದು ತಿಳಿಯುವುದು. 1913ರಲ್ಲಿ ಪಿರನೀ ಪರ್ವತದ ತೂರ್ಮಾಲೆ ಘಾಟಿಯನ್ನು ಇಳಿಯುತ್ತಿರುವಾಗ ಅವನ ಬೈಸಿಕಲ್ಲಿನ ಮುಂಗವೆಯು ಮುರಿದಿತು. ಪರರ ಸಹಾಯವನ್ನು ಪಡೆಯಕೂಡದೆಂಬುದು ಅಂದಿನ ನಿಯಮ. ಅವನು ವಾಹನವನ್ನು ಹೆಗಲ ಮೇಲಿಟ್ಟುಕೊಂಡು ಹತ್ತು ಕಿಲೋಮೀಟರಿಗೂ ಮಿಕ್ಕಿ ನಡೆದು, ಸೇಂತ್ ಮಾರಿ ದ ಕಾಂಪಾಂ ಎಂಬ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿ, ತನ್ನ ಕೈಯಿಂದಲೇ ಕಬ್ಬಿಣವನ್ನು ಕಾಯಿಸಿ ಬಡಿದು ಸರಿಮಾಡಿಕೊಂಡನು. ಪಂದ್ಯದ ಅಧಿಕಾರಿಗಳು ಎದುರಿನಲ್ಲಿಯೇ ನಿಂತು ನೋಡುತ್ತಿದ್ದರು. ಕಮ್ಮಾರನ ಹುಡುಗನು ತಿದಿಯೊತ್ತಿದನೆಂಬ ಕಾರಣಕ್ಕೆ ಅವನಿಗೆ ದಂಡವನ್ನೂ ವಿಧಿಸಿದರು! 1919ರಲ್ಲಿ ಹಳದಿಯ ಅಂಗಿಯನ್ನು ತೊಟ್ಟು ಇನ್ನೇನು ಗೆದ್ದೆನೆಂಬ ಹೊತ್ತಿನಲ್ಲಿ ಮತ್ತೆ ಮುಂಗವೆ ಮುರಿದಿತು, ಗೆಲವು ಕೈಬಿಟ್ಟುಹೋಯಿತು. ಅವನ ಕಷ್ಟಕ್ಕೆ ಮರುಗಿದ ಓದುಗರು ಅಲ್ಪಸ್ವಲ್ಪವಾಗಿ ಹಣವನ್ನು ಕೂಡಿಸಿ ಕಳುಹಿದರು. ಫ್ರಾನ್ಸ್ ಪ್ರದಕ್ಷಿಣೆಯನ್ನು ಅವನು ಎಂದೂ ಗೆಲ್ಲಲಿಲ್ಲ.

ಇಲ್ಲಿ ಈ ಪಂದ್ಯದ ಒಳಗುಟ್ಟೊಂದನ್ನು ಹೇಳಬೇಕು. ವೇಗವಾಗಿ ಹೋಗುವ ಸವಾರನಿಗೆ ದೊಡ್ಡ ಶತ್ರುವು ಎದುರುಗಾಳಿ. ಮುಂದೆ ಒಬ್ಬನು ಗಾಳಿಯನ್ನು ಸೀಳುತ್ತ ಹೋದರೆ ಅವನ ಬೆನ್ನ ಮರೆಯಲ್ಲಿ ಬರುವವನಿಗೆ ಶ್ರಮವು ಬಹಳ ಕಡಮೆಯಾಗುವುದು. ಆದುದರಿಂದ ಪ್ರತಿಯೊಬ್ಬ ನಾಯಕನಿಗೂ ಗಾಳಿಗೆ ಎದೆಕೊಡುವ, ನೀರು ತಂದುಕೊಡುವ, ಗಾಲಿ ಕೆಟ್ಟರೆ ತನ್ನದನ್ನು ಬಿಚ್ಚಿಕೊಡುವ ಸಹಾಯಕರಿರುವರು. ಇಟಲಿಯವರು ಅವರನ್ನು ‘ಗ್ರೆಗಾರಿಯೊ’ ಎನ್ನುವರು. ಹಿಂಡಿಗೆ ಸೇರಿದವನೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದುದು, ರೋಮನ್ನರ ಸೇನೆಯಲ್ಲಿ ಸಾಮಾನ್ಯ ಸಿಪಾಯಿಗೆ ಸಲ್ಲುತ್ತಿದ್ದ ಹೆಸರು. ಫ್ರೆಂಚರು ಮನೆಯಾಳೆಂಬ ಅರ್ಥದ ಶಬ್ದವನ್ನು ಬಳಸುವರು. ಕೂಡಿ ತುಳಿದವರು ಅನೇಕರು, ಅಂಗಿಯನ್ನು ತೊಡುವವನು ಒಬ್ಬನೇ.

ಇಂತಹ ಸೇವೆಗೆ ನಿದರ್ಶನನಾದವನು ರೆನೆ ವಿಯೆತ್ತೊ. ಕಾನ್ ಪಟ್ಟಣದ ಹೋಟಲೊಂದರಲ್ಲಿ ಲಿಫ್ಟಿನ ಹುಡುಗನಾಗಿದ್ದವನು. 1934ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಪರ್ವತಗಳನ್ನು ಏರುವುದರಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದನು. ಪಿರನೀ ಪರ್ವತದ ಪ್ವಿಮೊರಾಂ ಘಾಟಿಯ ಇಳಿಜಾರಿನಲ್ಲಿ ಹಳದಿಯ ಅಂಗಿಯನ್ನು ತೊಟ್ಟಿದ್ದ ನಾಯಕನಾದ ಆಂತೊನಾಂ ಮಾಞನ ಗಾಲಿಯು ಮುರಿಯಲು, ವಿಯೆತ್ತೊ ತನ್ನ ಮುಂಗಾಲಿಯನ್ನು ಬಿಚ್ಚಿಕೊಟ್ಟು, ರಸ್ತೆಯ ಬದಿಯ ಮೋಟುಗೋಡೆಯ ಮೇಲೆ ಕುಳಿತು, ಬೇರೆ ಗಾಲಿ ಬರುವವರೆಗೂ ಅಳುತ್ತಿದ್ದನು. ಆ ಅಳುಮುಖದ ಛಾಯಾಚಿತ್ರವು ಫ್ರಾನ್ಸಿನಲ್ಲೆಲ್ಲ ಹರಡಿತು. ಮರುದಿನ ಪೋರ್ತೆ ದಾಸ್ಪೆ ಎಂಬ ಘಾಟಿಯಲ್ಲಿ ಮಾಞನ ವಾಹನವು ಮತ್ತೆ ಕೆಟ್ಟಿತು. ಮುಂದೆ ಇಳಿದುಹೋಗುತ್ತಿದ್ದ ವಿಯೆತ್ತೊ ಸಂಗತಿಯನ್ನು ತಿಳಿದು, ಇಳಿದ ದಾರಿಯನ್ನು ಮತ್ತೆ ಹತ್ತಿ ಹೋಗಿ ತನ್ನ ವಾಹನವನ್ನೊಪ್ಪಿಸಿದನು. ಆ ವರ್ಷ ಗೆದ್ದವನು ಮಾಞ. ವಿಯೆತ್ತೊ 1947ರಲ್ಲಿ ಹಲವು ದಿನ ಹಳದಿಯ ಅಂಗಿಯನ್ನು ಧರಿಸಿದರೂ ಕೊನೆಗೆ ಕಳೆದುಕೊಂಡನು. ಗೆದ್ದವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಆದರೂ ಜನರು ಅವನನ್ನು ಮರೆಯಲಿಲ್ಲ.

ಗಾಲಿಯನ್ನು ಕೊಟ್ಟವನ ಮಾತು ಹೀಗಾದರೆ, ಪ್ರಾಣವನ್ನೇ ಕೊಟ್ಟವರೂ ಉಂಟು. ಗೀನೊ ಬಾರ್ತಾಲಿ ಎಂಬ ಸವಾರನು ಫ್ಲಾರೆನ್ಸ್ ನಗರದ ಬಳಿಯ ಪೊಂತೆ ಆ ಏಮಾ ಎಂಬ ಊರಿನಲ್ಲಿ 1914ರ ಜುಲೈ 18ರಂದು ಹುಟ್ಟಿದನು. ಬಾಲ್ಯದಲ್ಲಿ ಬೈಸಿಕಲ್ ರಿಪೇರಿಯ ಅಂಗಡಿಯಲ್ಲಿ ಕೆಲಸ ಮಾಡಿದನು. 1936ರಲ್ಲಿ ಇಟಲಿಯ ಪ್ರದಕ್ಷಿಣೆಯನ್ನು ಮೊದಲ ಸಲ ಗೆದ್ದು ಕೆಲವೇ ದಿನಗಳು ಕಳೆದಿದ್ದುವು. ಅವನ ತಮ್ಮನಾದ ಜೂಲಿಯೊ ಒಂದು ಪಂದ್ಯದಲ್ಲಿ ಮೋಟಾರುಗಾಡಿಗೆ ತಗುಲಿ ತೀರಿಕೊಂಡನು. ಅಣ್ಣನು ಈ ವೃತ್ತಿಯನ್ನೇ ಬಿಡಬೇಕೆಂದಿದ್ದನು. ಕೊಪ್ಪಿಗೂ ಇದೇ ದುಃಖವು ಕಾದಿದ್ದಿತು. ಅವನ ತಮ್ಮನಾದ ಸೆರ್ಸೆ 1951ರಲ್ಲಿ ಪಿಯೆಮೊಂತೆಯ ಪಂದ್ಯದಲ್ಲಿ ಬಿದ್ದು ಅಂದೇ ಪ್ರಾಣ ಬಿಟ್ಟನು. ಇಟಲಿಯ ಎರಡು ಮಹಾಪ್ರತಿಸ್ಪರ್ಧಿಗಳು ಈ ಒಂದು ವಿಷಯದಲ್ಲಿ ಸಮದುಃಖಿಗಳಾದರು. 1952ರ ಫ್ರಾನ್ಸ್ ಪ್ರದಕ್ಷಿಣೆಯಲ್ಲಿ ಇವರಿಬ್ಬರೂ ಪರ್ವತವನ್ನು ಏರುತ್ತ ಒಂದು ನೀರಿನ ಸೀಸೆಯನ್ನು ಕೈಯಿಂದ ಕೈಗೆ ದಾಟಿಸುತ್ತಿರುವ ಛಾಯಾಚಿತ್ರವು ಇಟಲಿಯಲ್ಲಿ ಮನೆಮನೆಗೂ ತಿಳಿದುದು. ಕೊಟ್ಟವನು ಯಾರು, ಕೊಂಡವನು ಯಾರು ಎಂದು ಜನರು ವಾದಿಸುತ್ತಲೇ ಬಂದಿರುವರು.

ಸವಾರರು ಗಿಸಾಲ್ಲೊ ಗುಡಿಯ ಕಡೆಗೆ ತಿರುಗಿದುದಕ್ಕೆ ಕಾರಣವು ಈಗ ಸ್ಪಷ್ಟವಾಗುವುದು. ಲೊಂಬಾರ್ದಿ ಪ್ರಾಂತದಲ್ಲಿ 1905ರಿಂದ, ಎಲೆಯುದುರುವ ಕಾಲದಲ್ಲಿ, ಒಂದು ದಿನದ ಪಂದ್ಯವೊಂದು ನಡೆಯುತ್ತ ಬಂದಿದೆ. 1919ರಲ್ಲಿ ಅದರ ದಾರಿಯು ಮೊದಲ ಸಲ ಈ ಬೆಟ್ಟವನ್ನು ಹತ್ತಿತು. ಅಲ್ಲಿಂದ ಮುಂದೆ, ಏದುಸಿರು ಬಿಡುತ್ತ ಮೇಲೆ ಬಂದ ಸವಾರನು ಮೊದಲು ಕಾಣುತ್ತಿದ್ದುದು ಗುಡಿಯನ್ನು. ಮೊದಲು ಕೇಳುತ್ತಿದ್ದುದು ಅದರ ಗಂಟೆಯ ನಾದವನ್ನು. ಗುಡಿಯ ಪಾದ್ರಿಗಳಾದ ಎರ್ಮೆಲಿಂದೊ ವಿಗನೊ ಎಂಬವರು ಈ ಮಾತೆಯನ್ನು ಬೈಸಿಕಲ್ ಸವಾರರ ರಕ್ಷಕದೇವತೆಯೆಂದು ಸಾರಬೇಕೆಂದು ಪ್ರಯತ್ನಿಸಿದರು. 1949ರ ಅಕ್ಟೋಬರ್ 13ರಂದು ಹನ್ನೆರಡನೆಯ ಪಯಸ್ ಪೋಪರು ಹಾಗೆಯೇ ಘೋಷಿಸಿದರು. ಪೋಪರು ಹರಸಿದ ಜ್ಯೋತಿಯನ್ನು ಸವಾರರು ಸರದಿಯಂತೆ ಹೊತ್ತು ಬೆಟ್ಟದ ಮೇಲಕ್ಕೆ ತಂದರು. ಹೊತ್ತವರಲ್ಲಿ ಬಾರ್ತಾಲಿಯೂ ಕೊಪ್ಪಿಯೂ ಇದ್ದರು. ಬಾರ್ತಾಲಿ, ಕೊಪ್ಪಿ, ಬೆಲ್ಜಿಯಮಿನ ಎದ್ದಿ ಮೆರ್ಕ್ಸ್, ಫೆಲಿಚೆ ಜಿಮೊಂದಿ, ಫ್ರಾಂಚೆಸ್ಕೊ ಮೊಸೆರ್ ಮೊದಲಾದವರ ಬೈಸಿಕಲ್ಲುಗಳು ಹೀಗೆ ಗುಡಿಯ ಕಾಣಿಕೆಗಳಾದುವು. ಕಾಣಿಕೆಗಳು ಹೆಚ್ಚಿ ಗುಡಿಯು ಸಾಲದಾಗಲು, ಪೂರ್ವದಲ್ಲಿ ಪ್ರಸಿದ್ಧ ಸವಾರನಾಗಿದ್ದ ಫಿಯೊರೆಂಜೊ ಮಾಞಿಯ ಮುಂದಾಳುತನದಲ್ಲಿ 2006ರಲ್ಲಿ ಪಕ್ಕದಲ್ಲಿಯೇ ಒಂದು ವಸ್ತುಸಂಗ್ರಹಾಲಯವೂ ಆಯಿತು.

ಗುಡಿಯಲ್ಲಿ ಬಾರ್ತಾಲಿಯ ಬೈಸಿಕಲ್ಲನ್ನು ನೋಡುವವನು ಅದನ್ನು ಒಬ್ಬ ವಿಜಯಶಾಲಿಯ ಕಾಣಿಕೆಯೆಂದು ತಿಳಿಯುವನು. ಆದರೆ ಬಾರ್ತಾಲಿಯ ಜೀವನದಲ್ಲಿ ಕಾಣುವ ಭೂಷಣಕ್ಕಿಂತ ಕಾಣದ ಭೂಷಣದ ಕಥೆಯೇ ದೊಡ್ಡದು. ಅವನು ದೈವಭಕ್ತನು. 1938ರಲ್ಲಿ ಫ್ರಾನ್ಸ್ ಪ್ರದಕ್ಷಿಣೆಯನ್ನು ಗೆದ್ದನು. ಆಗ ಇಟಲಿಯನ್ನಾಳುತ್ತಿದ್ದ ಮುಸೊಲಿನಿಯ ಸರ್ಕಾರಕ್ಕೆ ಆ ಗೆಲವು ತನ್ನ ಪ್ರತಾಪದ ಜಾಹೀರಾತಾಗಬೇಕೆಂಬ ಆಸೆ ಬಹಳವಾಗಿದ್ದಿತು. ಆದರೆ ಅವನು ತನ್ನ ವಿಜಯದ ಹೂಗೊಂಚಲನ್ನು ಪ್ಯಾರಿಸ್ಸಿನ ದೇವಾಲಯವೊಂದರಲ್ಲಿ ಮಾತೆಯ ಮುಂದಿಟ್ಟನು. ಅದೇ ವರ್ಷದಲ್ಲಿಯೇ ಇಟಲಿಯಲ್ಲಿ ಯೆಹೂದ್ಯರನ್ನು ಶಾಲೆಗಳಿಂದಲೂ ಉದ್ಯೋಗಗಳಿಂದಲೂ ಹೊರದೂಡುವ ಕಾನೂನುಗಳು ಬಂದುವು.

1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆಯು ಇಟಲಿಯ ಬಹುಭಾಗವನ್ನು ಆಕ್ರಮಿಸಿತು. ಯೆಹೂದ್ಯರನ್ನು ಹಿಡಿದು ಸಾಗಿಸತೊಡಗಿದರು. ಸಿಕ್ಕವರಿಗೆ ಮರಣವೇ ಗತಿ; ಉಳಿಯಬೇಕಾದರೆ ಬೇರೆ ಹೆಸರಿನ ಗುರುತಿನ ಚೀಟಿ ಬೇಕು, ಅಡಗಲು ಸ್ಥಳ ಬೇಕು. ಫ್ಲಾರೆನ್ಸಿನ ಆರ್ಚ್‌ಬಿಷಪ್ಪರಾದ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರು ಮಠಗಳಲ್ಲಿ ಅಂತಹವರಿಗೆ ಆಶ್ರಯವನ್ನು ಕಲ್ಪಿಸಿದರು. ಅಸ್ಸಿಸಿ ಪಟ್ಟಣದಲ್ಲಿ ಲುಯಿಜಿ ಬ್ರೀಜಿ ಎಂಬ ಮುದ್ರಕನೂ ಅವನ ಮಗನೂ ಗುಟ್ಟಾಗಿ ಚೀಟಿಗಳನ್ನು ಅಚ್ಚು ಹಾಕುತ್ತಿದ್ದರು. ಫ್ಲಾರೆನ್ಸಿಗೂ ಅಸ್ಸಿಸಿಗೂ ನಡುವೆ ಸುಮಾರು 180 ಕಿಲೋಮೀಟರಿನ ದಾರಿ. ದಾರಿಯುದ್ದಕ್ಕೂ ಸೇನೆಯ ಕಾವಲು. ಬಾರ್ತಾಲಿಯು ಪಂದ್ಯದ ಅಭ್ಯಾಸಕ್ಕೆಂದು ಹೊರಟವನಂತೆ, ತನ್ನ ಹೆಸರನ್ನು ಹೊತ್ತ ಅಂಗಿಯನ್ನೇ ತೊಟ್ಟು, ಬೈಸಿಕಲ್ಲಿನ ಟೊಳ್ಳು ಕೊಳವೆಗಳಲ್ಲಿ ಭಾವಚಿತ್ರಗಳನ್ನೂ ಚೀಟಿಗಳನ್ನೂ ಸುರುಳಿ ಸುತ್ತಿ ತುಂಬಿ, ಸೀಟನ್ನು ಮತ್ತೆ ಬಿಗಿಮಾಡಿಕೊಂಡು ಸಾಗಿಸುತ್ತಿದ್ದನೆಂದು ಹೇಳುವರು. ಕಾವಲುಗಾರರು ನಿಲ್ಲಿಸಿದರೆ, ವೇಗಕ್ಕಾಗಿ ಸೂಕ್ಷ್ಮವಾಗಿ ಹೊಂದಿಸಿದ ವಾಹನವನ್ನು ಮುಟ್ಟಬೇಡಿರೆಂದು ಬೇಡಿಕೊಳ್ಳುತ್ತಿದ್ದನಂತೆ. ಇದಲ್ಲದೆ ಗೋಲ್ಡೆನ್‌ಬರ್ಗ್ ಎಂಬ ಯೆಹೂದ್ಯ ಕುಟುಂಬವನ್ನು ಫ್ಲಾರೆನ್ಸಿನ ತನ್ನ ಮನೆಯೊಂದರಲ್ಲಿ ಅಡಗಿಸಿಟ್ಟು ಕಾಪಾಡಿದನು. ಆ ಕುಟುಂಬದಲ್ಲಿ ಆಗ ಬಾಲಕನಾಗಿದ್ದವನು ಮುಂದೆ ತಾನೇ ಸಾಕ್ಷಿ ನುಡಿದನು. ಸಿಕ್ಕಿಬಿದ್ದಿದ್ದರೆ ಬಾರ್ತಾಲಿಗೂ ಅವನ ಹೆಂಡತಿ ಮಕ್ಕಳಿಗೂ ಏನಾಗುತ್ತಿದ್ದಿತೆಂಬುದನ್ನು ಹೇಳಬೇಕಾದುದಿಲ್ಲ.

ಯುದ್ಧವು ಮುಗಿದ ಮೇಲೆ ಅವನು ಈ ವಿಷಯವಾಗಿ ಬಹಿರಂಗವಾಗಿ ಮಾತನಾಡಲಿಲ್ಲ. ಮತ್ತೆ ಪಂದ್ಯಗಳಿಗೆ ಇಳಿದನು. 1948ರಲ್ಲಿ, ಅವನಿಗೆ ವಯಸ್ಸಾಯಿತೆಂದು ಎಲ್ಲರೂ ಹೇಳುತ್ತಿದ್ದಾಗ, ಫ್ರಾನ್ಸ್ ಪ್ರದಕ್ಷಿಣೆಗೆ ಹೋಗಿ, ಅರ್ಧದಾರಿಯಲ್ಲಿ ಯುವಕನಾದ ಲೂಯಿಸೊಂ ಬೊಬೆಗಿಂತ 21 ನಿಮಿಷಗಳಿಗೂ ಹೆಚ್ಚು ಹಿಂದೆ ಬಿದ್ದಿದ್ದನು. ಜುಲೈ 14ರಂದು ರೋಮ್ ನಗರದಲ್ಲಿ ಕಮ್ಯೂನಿಸ್ಟ್ ಪಕ್ಷದ ಮುಖಂಡನಾದ ಪಾಲ್ಮಿರೊ ತೊಗ್ಲ್ಯಾತ್ತಿಗೆ ಒಬ್ಬನು ಗುಂಡು ಹೊಡೆದನು. ದೇಶದಲ್ಲಿ ಮುಷ್ಕರಗಳೂ ಗಲಭೆಗಳೂ ಎದ್ದುವು. ಅಂತರ್ಯುದ್ಧವೇ ಆಗುವುದೆಂಬ ಭೀತಿ ಹುಟ್ಟಿತು. ಅಂದು ಕಾನ್ ಪಟ್ಟಣದಲ್ಲಿ ವಿಶ್ರಮಿಸಿಕೊಳ್ಳುತ್ತಿದ್ದ ಬಾರ್ತಾಲಿಗೆ ಪ್ರಧಾನಮಂತ್ರಿಗಳಾದ ದೆ ಗಾಸ್ಪೆರಿಯವರು ಟೆಲಿಫೋನಿನಲ್ಲಿ ಮಾತನಾಡಿ, ಗೆದ್ದರೆ ದೇಶಕ್ಕೆ ಉಪಕಾರವಾಗುವುದೆಂದು ಹೇಳಿದರೆಂದು ಪ್ರತೀತಿಯಿದೆ. ಮರುದಿನ ಅವನು ಇಜೊವಾರ್ ಪರ್ವತವನ್ನು ದಾಟಿ ಬ್ರಿಯಾಂಸೊಂ ಮಜಲನ್ನು ಗೆದ್ದನು. ಅದರ ಮರುದಿನವೂ ಗೆದ್ದು ಹಳದಿಯ ಅಂಗಿಯನ್ನು ಪಡೆದನು. ಮೂರನೆಯ ಮಜಲನ್ನೂ ಗೆದ್ದನು. ಕೊನೆಗೆ 26 ನಿಮಿಷ 16 ಸೆಕೆಂಡುಗಳ ಅಂತರದಿಂದ ಪ್ರದಕ್ಷಿಣೆಯನ್ನೇ ಗೆದ್ದನು. ಎರಡು ಗೆಲವುಗಳ ನಡುವೆ ಹತ್ತು ವರ್ಷಗಳ ಅಂತರವು ಬೇರೆ ಯಾರಿಗೂ ಸಂದಿಲ್ಲ. ಇವನ ಗೆಲವಿನಿಂದಲೇ ಇಟಲಿಯು ಉಳಿಯಿತೆನ್ನುವುದು ಅತಿಶಯೋಕ್ತಿ. ಶಾಂತರಾಗಿರೆಂದು ತೊಗ್ಲ್ಯಾತ್ತಿಯು ತನ್ನವರಿಗೆ ಹೇಳಿದುದೂ, ಕಾರ್ಮಿಕ ಮುಖಂಡರ ವಿವೇಕವೂ ಅದಕ್ಕೆ ಮುಖ್ಯ ಕಾರಣಗಳು. ಆದರೂ ಉದ್ವಿಗ್ನವಾದ ಜನಮನಸ್ಸಿಗೆ ಒಂದು ಸಂತೋಷದ ಸಮಾಚಾರವು ಬಂದುದು ಸುಳ್ಳಲ್ಲ.

ಹಳದಿಯ ಅಂಗಿಯ ಈ ಕಥೆಯು ಅಂದೇ ಲೋಕಪ್ರಸಿದ್ಧವಾಯಿತು. ಕೊಳವೆಯೊಳಗಿನ ಚೀಟಿಗಳ ಕಥೆಯಾದರೋ ದಶಕಗಳ ಕಾಲ ಹೆಚ್ಚಾಗಿ ಮರೆಯಲ್ಲಿಯೇ ಉಳಿದಿದ್ದಿತು. ತಂದೆಯು ತನಗೆ ಒಂದಿಷ್ಟನ್ನು ಹೇಳಿ, ಯಾರಿಗೂ ಹೇಳಬೇಡವೆಂದು ಕಟ್ಟುಮಾಡಿದ್ದನೆಂದೂ, ಕೆಲವು ಪದಕಗಳನ್ನು ತೂಗಿಸಿಕೊಳ್ಳಬೇಕಾದುದು ಅಂಗಿಯ ಮೇಲಲ್ಲ, ಆತ್ಮದ ಮೇಲೆ ಎಂಬ ಅರ್ಥದ ಮಾತನ್ನಾಡುತ್ತಿದ್ದನೆಂದೂ ಅವನ ಮಗನು ತಿಳಿಸಿರುವನು. ಬಾರ್ತಾಲಿಯು 2000ದ ಮೇ 5ರಂದು ಕಾಲವಾದನು. 2005ರಲ್ಲಿ ಇಟಲಿಯ ರಾಷ್ಟ್ರಪತಿಗಳಾದ ಚಾಂಪಿಯವರು ಅವನಿಗೆ ಮರಣೋತ್ತರವಾಗಿ ಚಿನ್ನದ ಪದಕವನ್ನು ಕೊಟ್ಟರು. 2013ರಲ್ಲಿ ಜೆರೂಸಲೇಮಿನ ಯಾದ್ ವಾಶೆಂ ಸಂಸ್ಥೆಯವರು, ಯೆಹೂದ್ಯರನ್ನು ಕಾಪಾಡಿದ ಅನ್ಯಜನಾಂಗದ ಧರ್ಮಾತ್ಮರ ಪಟ್ಟಿಯಲ್ಲಿ ಅವನ ಹೆಸರನ್ನು ಸೇರಿಸಿದರು. 2018ರಲ್ಲಿ ಇಟಲಿಯ ಪ್ರದಕ್ಷಿಣೆಯು ಜೆರೂಸಲೇಮಿನಿಂದಲೇ ಹೊರಟಿತು.

ಇಲ್ಲಿ ಚರಿತ್ರಕಾರನಿಗೊಂದು ಧರ್ಮಸಂಕಟ ಬರುವುದು. ಚೀಟಿಗಳನ್ನು ಸಾಗಿಸಿದ ಸಂಗತಿಗೆ ಆ ಕಾಲದ ಬರಹದ ಆಧಾರಗಳು ಅತ್ಯಲ್ಪ. ಮಿಕೇಲೆ ಸರ್ಫತ್ತಿ ಮೊದಲಾದ ವಿದ್ವಾಂಸರು ಈಚೆಗೆ ಅಸ್ಸಿಸಿಯ ಪ್ರಯಾಣಗಳ ವಿಷಯದಲ್ಲಿ ಸಂಶಯಪಟ್ಟಿರುವರು. ಅವರ ಪ್ರಶ್ನೆಯನ್ನು ದ್ವೇಷವೆಂದು ತಳ್ಳಿಬಿಡಕೂಡದು. ಪ್ರಮಾಣವನ್ನು ಕೇಳುವುದು ಚರಿತ್ರಕಾರನ ಕರ್ತವ್ಯ. ಸತ್ಪುರುಷನ ಹೆಸರೇ ಆದರೂ, ಇಲ್ಲದ ಸಂಗತಿಯನ್ನು ಅವನಿಗೆ ಹೊರಿಸುವುದು ಅವನಿಗೇ ಮಾಡುವ ಅನ್ಯಾಯವಾಗುವುದು. ಆದರೆ ಇನ್ನೊಂದು ಮಾತನ್ನೂ ನೆನೆಯಬೇಕು. ಕಾಗದದಲ್ಲಿ ಗುರುತುಳಿದರೆ ಪ್ರಾಣಕ್ಕೇ ಅಪಾಯವೆಂಬಂತಹ ಕಾರ್ಯದಲ್ಲಿ ಗುರುತುಳಿಸದಿರುವುದೇ ಕಾರ್ಯಸಾಧನೆಯ ಲಕ್ಷಣ. ಬಹುಮಾನದ ಒಡವೆಯು ತನ್ನ ಸಾಕ್ಷಿಯನ್ನು ತಾನೇ ಹೇಳುವುದು. ಹರಕೆಯ ಒಡವೆಯು ಗುಡಿಯ ಗೋಡೆಯಲ್ಲಿ ನಿಂತು ಹೇಳುವುದು. ಗುಪ್ತದಾನಕ್ಕೆ ಮಾತ್ರ ಪಡೆದವನ ನಾಲಗೆಯಲ್ಲದೆ ಬೇರೆ ಸಾಕ್ಷಿಯಿಲ್ಲ. ಅಡಗಿಸಿಟ್ಟ ಕುಟುಂಬದ ಬಾಲಕನು ಬೆಳೆದು ಸಾಕ್ಷಿ ನುಡಿದುದರಿಂದ ಆ ಒಂದು ಉಪಕಾರವು ಚರಿತ್ರೆಗೆ ಸಂದಿತು. ಹಾಗೆ ಹೇಳುವವರಿಲ್ಲದೆ ಮರೆಯಾದ ಉಪಕಾರಗಳು ಆ ಯುದ್ಧಕಾಲದಲ್ಲಿ ಎಷ್ಟಿದ್ದುವೋ!

ಗಿಸಾಲ್ಲೊ ಗುಡಿಯಲ್ಲಿ ಯಾವ ಗೆಲವನ್ನೂ ಹೇಳದ ಬೈಸಿಕಲ್ಲೊಂದಿದೆ. ಅದರ ಚೌಕಟ್ಟು ಜಜ್ಜಿಹೋಗಿರುವುದು. ಅದು ಕೋಮೊ ಸೀಮೆಯವನೇ ಆದ ಫಾಬಿಯೊ ಕಸಾರ್ತೆಲ್ಲಿಯದು. ಅವನು 1992ರಲ್ಲಿ ಬಾರ್ಸಿಲೋನದ ಒಲಿಂಪಿಕ್ ಪಂದ್ಯದಲ್ಲಿ ಚಿನ್ನದ ಪದಕವನ್ನು ಗೆದ್ದವನು. 1995ರ ಜುಲೈ 18ರಂದು ಫ್ರಾನ್ಸ್ ಪ್ರದಕ್ಷಿಣೆಯಲ್ಲಿ ಪೋರ್ತೆ ದಾಸ್ಪೆ ಘಾಟಿಯನ್ನು ಇಳಿಯುತ್ತ ಬಿದ್ದು, ತಲೆಗೆ ಪೆಟ್ಟಾಗಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅರುವತ್ತೊಂದು ವರ್ಷಗಳ ಹಿಂದೆ ವಿಯೆತ್ತೊ ತನ್ನ ವಾಹನವನ್ನು ಕೊಡಲು ಮರಳಿ ಹತ್ತಿದುದು ಇದೇ ಘಾಟಿಯನ್ನು. ಮರುದಿನ ಸವಾರರಲ್ಲಿ ಯಾರೂ ಸ್ಪರ್ಧಿಸಲಿಲ್ಲ. ಇಡೀ ಗುಂಪು ನಿಧಾನವಾಗಿ ಪೋ ನಗರದವರೆಗೆ ಸಾಗಿ, ಅವನ ತಂಡದ ಸಂಗಾತಿಗಳನ್ನು ಮುಂದೆ ಬಿಟ್ಟು ಗೆರೆಯನ್ನು ದಾಟಿಸಿತು. ಆ ದಿನದ ಬಹುಮಾನದ ಹಣವೆಲ್ಲವೂ ಅವನ ಕುಟುಂಬಕ್ಕೆ ಹೋಯಿತು. ಗೆದ್ದ ವಾಹನಗಳ ಸಾಲಿನಲ್ಲಿಯೇ ಅವನ ಮುರಿದ ವಾಹನವನ್ನೂ ಗುಡಿಯಲ್ಲಿ ಇಟ್ಟರು. ಗುಡಿಯ ಹೊರಗೆ 1973ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿಯೂ ಇಬ್ಬರು ಸವಾರರಿರುವರು: ಒಬ್ಬನು ಗೆದ್ದು ಕೈಯೆತ್ತಿರುವನು, ಮತ್ತೊಬ್ಬನು ನೆಲಕ್ಕೆ ಬಿದ್ದಿರುವನು.

ಲೊಂಬಾರ್ದಿಯ ಪಂದ್ಯವು ಈ ದಾರಿಯಲ್ಲಿ ಬಂದಾಗಲೆಲ್ಲ ಗುಡಿಯ ಗಂಟೆಗಳನ್ನು ಬಾರಿಸುವರು. ಮುಂದೆ ಹೋಗುವವನಿಗೂ ಅವು ಬಾರಿಸುವುವು. ಎಲ್ಲರೂ ದಾಟಿಹೋದ ಮೇಲೆ, ನಾಯಕನಿಗೆ ಗಾಳಿಯ ಮರೆಯಾಗಿ ದಣಿದು ಕೊನೆಯಲ್ಲಿ ಒಬ್ಬೊಂಟಿಗನಾಗಿ ಏರಿಬರುವ ಸಹಾಯಕನೂ ಅದೇ ಗುಡಿಯ ಮುಂದೆಯೇ ಹಾದುಹೋಗುವನು. ಹೊತ್ತ ಭಾರವನ್ನು ಯಾರಿಗಾಗಿ ಹೊತ್ತನೆಂಬುದರ ಮೇಲೆ ಅದು ಆಭರಣವೋ ಅಲ್ಲವೋ ಎಂಬುದು ನಿಲ್ಲುವುದಾದರೆ, ಬಾರ್ತಾಲಿಯ ಬೈಸಿಕಲ್ಲಿನ ಟೊಳ್ಳು ಕೊಳವೆಗಿಂತ ಬೆಲೆಯುಳ್ಳ ಒಡವೆಯನ್ನು ಆ ಗೋಡೆಗಳ ಮೇಲೆ ಹುಡುಕುವುದು ಕಷ್ಟ.